ಮರಳುಹೊಲದ ಬಾವಿ

ಮಾರ್ಚ್ 3, ಸೋಮವಾರ

ಕೆಳಗಿನ ತಾಕಿನ ಕ್ಯಾರೆಟ್‌ಗೆ ಯೂರಿಯಾ ಎರಡು ಚೀಲ. ಇದೇ ಬೆಳೆಗೆ ಇದು ಮೂರನೆಯ ಸಲ. ಬೆಳಗ್ಗೆ ಎರಚಿ, ಸ್ಪ್ರಿಂಕ್ಲರ್ ಬಿಟ್ಟು, ಮಧ್ಯಾಹ್ನ ಊಟ ಮುಗಿಸಿ ಹೋಗಿ ಕೆದಕಿದರೆ ಒಂದು ಗೇಣಿನವರೆಗೂ ಒಣ ಮರಳು. ನೀರು ಎಲ್ಲಿ ಹೋಯಿತು ಎಂದು ಕೇಳುವ ಹಾಗೆಯೇ ಇಲ್ಲ. ಕೆಳಗೆ ಹೋಯಿತು. ಗೊಬ್ಬರವೂ ಅದರ ಬಾಲ ಹಿಡಿದು ಹೋಯಿತು. ಸಮುದ್ರ ಇಲ್ಲಿಂದ ಎರಡು ಮೈಲಿ. ಒಂದು ಕಾಲಕ್ಕೆ ಅದು ಇಲ್ಲೇ ಮಲಗಿತ್ತು, ಎದ್ದು ಹೋಗುವಾಗ ಹಾಸಿಗೆ ಬಿಟ್ಟು ಹೋಗಿದೆ ಎಂದು ನನ್ನವರು ನಗುತ್ತಿದ್ದರು. ಆ ಹಾಸಿಗೆಯ ಮೇಲೆ ನಾವು ತರಕಾರಿ ಬೆಳೆಯಬೇಕು.

ಹಾಗೆಂದು ಬೇರೆ ಮಣ್ಣು ಕೊಡುತ್ತೇನೆಂದರೂ ನನಗೆ ಬೇಡ. ಇಲ್ಲಿ ಕಾಲಿಗೆ ಕೆಸರು ಮೆತ್ತುವುದಿಲ್ಲ. ಮಳೆ ನಿಂತ ಗಂಟೆಗೆ ಗುದ್ದಲಿ ಹಿಡಿಯಬಹುದು. ಕ್ಯಾರೆಟ್ ಎಲ್ಲೂ ಸೊಟ್ಟಗಾಗದೆ ನೆಟ್ಟಗೆ ಇಳಿಯುತ್ತದೆ, ಜುಟ್ಟು ಹಿಡಿದು ಎಳೆದರೆ ತೊಳೆದಿಟ್ಟ ಹಾಗೆ ಕೈಗೆ ಬರುತ್ತದೆ. ಹೊಟ್ಟೆಬಾಕ ಮಣ್ಣು, ಅಷ್ಟೇ ಅದರ ದೋಷ. ಉಣಿಸುತ್ತಲೇ ಇರಬೇಕು.

ಈ ಪುಸ್ತಕ ಶುರು ಮಾಡಿದ್ದು ನನ್ನವರು. ಯಾವ ದಿನ ಯಾವ ತಾಕಿಗೆ ಏನು ಹಾಕಿದೆ ಎಂದಷ್ಟೇ ಬರೆಯುತ್ತಿದ್ದರು. ಅವರು ಹೋದ ಮೇಲೆ ಆರು ವರ್ಷದಿಂದ ನಾನು ಮನೆಯ ಮಾತನ್ನೂ ಸೇರಿಸುತ್ತಿದ್ದೇನೆ. ಓದುವವರು ಯಾರಿದ್ದಾರೆ?

ಮನೆಯ ಮಾತು: ಸೊಸೆಗೆ ಎದೆಯಲ್ಲಿ ಬಾವು, ಮೈ ಸುಡುವ ಜ್ವರ. ಕುಯ್ದು ಕೀವು ತೆಗೆದಿದ್ದಾರೆ. ಎದೆಹಾಲು ಸದ್ಯಕ್ಕೆ ಬೇಡ ಎಂದರಂತೆ. ನನ್ನ ಮೊಮ್ಮಗಳಿಗೆ ಈಗ ಎರಡು ತಿಂಗಳು. ಕುಕ್ಕಿ ಕುಕ್ಕಿ ಕುಡಿಯುತ್ತಾಳೆಂದು ಗುಬ್ಬಿ ಎಂದು ಕರೆಯುತ್ತೇನೆ. ಇವತ್ತಿನಿಂದ ಗುಬ್ಬಿಗೆ ಡಬ್ಬಿಯ ಹಾಲಿನ ಪುಡಿ.

ಮಾರ್ಚ್ 6, ಗುರುವಾರ

ಗುಬ್ಬಿ ಬಾಟಲಿಗೆ ಒಗ್ಗಿಕೊಂಡಿದ್ದಾಳೆ. ನನಗೇ ಒಗ್ಗುತ್ತಿಲ್ಲ.

ಹೊಲಿಗೆಯವಳ ಮಗುವಿನ ನೆನಪಾಯಿತು. ನಮ್ಮ ಹೊಲದ ಕೆಳಬದಿಯ ಮನೆ ಅವಳದು. ಗಂಡ ಬೇಕರಿಯ ವ್ಯಾನು ಓಡಿಸುತ್ತಾನೆ, ಇವಳು ಇಡೀ ದಿನ ಮೆಶಿನ್ ತುಳಿಯುತ್ತಾಳೆ. ಹೋದ ವರ್ಷ ಅವಳ ಹೆಣ್ಣುಮಗು ಮೂರು ತಿಂಗಳಿಗೇ ತೀರಿಕೊಂಡಿತು. ಹೃದಯದ ತೊಂದರೆ ಇರಬೇಕು ಎಂದರು ಯಾರೋ. ಹೊಲಿಯುವ ಅವಸರಕ್ಕೆ ಮೊದಲ ವಾರದಿಂದಲೇ ಬಾಟಲಿ ಹಿಡಿಸಿದ್ದಳು. ಮಣ್ಣು ಮಾಡಿ ಬಂದ ದಿನ ನಾನು ಅವರ ಅಂಗಳದಲ್ಲಿ ನಿಂತು, "ಹಡೆದವಳಿಗೆ ಹಾಲೂಡಿಸೋಕೂ ಪುರುಸೊತ್ತಿಲ್ಲ ಅಂದ್ರೆ ಇನ್ನೇನಾಗುತ್ತೆ" ಎಂದಿದ್ದೆ. ಇದ್ದದ್ದನ್ನು ಇದ್ದ ಹಾಗೆ ಹೇಳುವವಳು ನಾನು.

ಕೆಟ್ಟವಳಂತೂ ಅಲ್ಲ ನಾನು. ಅವರ ಬೋರಿನ ನೀರು ತುಕ್ಕು ವಾಸನೆ ಎಂದಾಗ ನಮ್ಮ ಬಾವಿಯಿಂದ ಪೈಪು ಎಳೆಸಿ ಅವರ ಬಾಗಿಲಿಗೇ ನಲ್ಲಿ ಹಾಕಿಸಿಕೊಟ್ಟವಳು ನಾನೇ. ಮೂರು ವರ್ಷವಾಯಿತು.

ಮಾರ್ಚ್ 14, ಶುಕ್ರವಾರ

ಮೇಲಿನ ತಾಕಿನ ಈರುಳ್ಳಿಗೆ ಒಂದೂವರೆ ಚೀಲ. ಎಲೆಯ ತುದಿ ಹಳದಿ. ಎರಡು ಪಟ್ಟು ಹಾಕದಿದ್ದರೆ ಈ ಮರಳಿನಲ್ಲಿ ಬೇರಿಗೆ ಏನೂ ಸಿಗುವುದಿಲ್ಲ.

ಗುಬ್ಬಿಯ ಬಣ್ಣ ಬದಲಾಗುತ್ತಿದೆ. ಹುಟ್ಟಿದಾಗ ಅಮ್ಮನ ಹಾಗೆ ಕೆಂಪಗಿದ್ದಳು. ಈಗ ನಮ್ಮ ಕಡೆ ವಾಲುತ್ತಿದ್ದಾಳೆ. ನನ್ನ ಮಗನೂ ಮೂರನೆಯ ತಿಂಗಳಿಗೆ ಹೀಗೇ ಕಪ್ಪಾಗಿದ್ದ. ಸೊಸೆಗೆ ಹೇಳಿದೆ. "ನಿಮ್ಮ ಮನೆ ಬಣ್ಣ ಬಂತು ಬಿಡಿ ಅತ್ತೆ" ಎಂದು ನಕ್ಕಳು. ಅವಳು ನಕ್ಕು ಹತ್ತು ದಿನವಾಗಿತ್ತು.

ಮಾರ್ಚ್ 19, ಬುಧವಾರ

ಗುಬ್ಬಿಗೆ ಭೇದಿ. ಎರಡು ಸಲ ವಾಂತಿ. ಸೊಸೆ ಬಾಟಲಿಯನ್ನು ಸರಿಯಾಗಿ ತೊಳೆಯುವುದಿಲ್ಲ, ನೀರು ಬಿಸಿಯಾದರೆ ಸಾಕು, ಇಳಿಸಿಬಿಡುತ್ತಾಳೆ. ಬೈದೆ. ಇನ್ನು ಮೇಲೆ ನೀರಿನ ಕೆಲಸ ನನ್ನದು ಎಂದು ಪಾತ್ರೆ ಕಿತ್ತುಕೊಂಡೆ.

ಒಂದು ಚೊಂಬು ನೀರನ್ನು ಅರ್ಧ ಚೊಂಬಾಗುವವರೆಗೆ ಕುದಿಸುತ್ತೇನೆ. ಇಷ್ಟು ಕುದಿಸಿದರೆ ಯಾವ ರೋಗಾಣು ಉಳಿಯುತ್ತದೆ ನೋಡೋಣ.

ಮಾರ್ಚ್ 22, ಶನಿವಾರ

ಕೆಳಗಿನ ತಾಕಿಗೆ ಯೂರಿಯಾ ಎರಡು ಚೀಲ. ಹಗಲಿಡೀ ಸ್ಪ್ರಿಂಕ್ಲರ್.

ಗುಬ್ಬಿ ಅಳುವುದು ಕಡಿಮೆಯಾಗಿದೆ. ನೀರು ಚೆನ್ನಾಗಿ ಕುದಿಸಿದ್ದರ ಗುಣ.

ಮಾರ್ಚ್ 25, ಮಂಗಳವಾರ

ಹೊಲಿಗೆಯವಳು ಮಗುವಿಗೆಂದು ಎರಡು ಜಬಲ ಹೊಲಿದು ತಂದಳು. ಕೂರು ಎಂದೆ. ಗುಬ್ಬಿಯನ್ನು ತೊಡೆಯ ಮೇಲೆ ಹಾಕಿಕೊಂಡು ತೋಳಳತೆ ನೋಡುತ್ತಿದ್ದವಳು ಕೈ ನಿಲ್ಲಿಸಿದಳು. ಮಗುವಿನ ಬೆರಳನ್ನು ಬೆಳಕಿಗೆ ಹಿಡಿದು ಉಗುರು ನೋಡಿದಳು. ತುಟಿ ನೋಡಿದಳು.

"ದೊಡ್ಡಮ್ಮ, ಈ ಬಣ್ಣ ನಂಗೆ ಗೊತ್ತು" ಎಂದಳು. "ನಮ್ಮದಕ್ಕೂ ಹೀಗೇ ಇತ್ತು. ಮೊದಲು ತುಟಿ. ಆಮೇಲೆ ಉಗುರು. ಆಸ್ಪತ್ರೆಗೆ ಕರ್ಕೊಂಡು ಹೋಗಿ."

"ನಿನ್ನ ಮನೆ ಸಂಕಟನ ನಮ್ಮನೆಗೆ ತಂದು ಸುರೀಬೇಡ" ಎಂದೆ.

"ಸಂಕಟ ಅಲ್ಲ, ಹೇಳ್ತಿರೋದು..."

"ಮಗು ಸಾಕೋದು ನನಗೆ ನಿನ್ನಿಂದ ಕಲಿಯೋ ಗತಿ ಬಂದಿಲ್ಲ."

ಬಾಯಿಂದ ಬಂದುಬಿಟ್ಟಿತು. ಅವಳು ಮಗುವನ್ನು ಮೆಲ್ಲಗೆ ಚಾಪೆಯ ಮೇಲೆ ಮಲಗಿಸಿ, ಅಳತೆಯ ಟೇಪನ್ನು ಸುತ್ತಿಕೊಂಡು ಹೋದಳು. ಜಬಲ ಚಂದ ಹೊಲಿದಿದ್ದಾಳೆ. ಹೊಲಿಗೆಯ ತುದಿ ಮಗುವಿನ ಮೈಗೆ ತಾಗದ ಹಾಗೆ ಒಳಗೆ ಬಟ್ಟೆ ಕೊಟ್ಟಿದ್ದಾಳೆ.

ಮಾರ್ಚ್ 26, ಬುಧವಾರ

ಸೊಸೆ ಉಗುರು ನೋಡುತ್ತಾ ಕೂತಿದ್ದಳು. ಆ ಹೆಂಗಸು ಇವಳ ತಲೆಯಲ್ಲೂ ಹುಳ ಬಿಟ್ಟು ಹೋಗಿದ್ದಾಳೆ.

ಮಾರ್ಚ್ 30, ಭಾನುವಾರ

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ, ಆಸ್ಪತ್ರೆಯ ಬೆಂಚಿನ ಮೇಲೆ.

ಮಧ್ಯಾಹ್ನ ಎರಡು ಗಂಟೆ. ಮಗ ಐಸ್ ಫ್ಯಾಕ್ಟರಿಯಲ್ಲಿದ್ದ, ಸೊಸೆ ಸ್ನಾನಕ್ಕೆ ಹೋಗಿದ್ದಳು. ನಾನು ಬಾಟಲಿ ಹಿಡಿದೆ, ಗುಬ್ಬಿ ಬಾಯಿ ತೆರೆಯಲಿಲ್ಲ. ಎತ್ತಿಕೊಂಡರೆ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಳು. ಮುಖ ಸ್ಲೇಟಿನ ಬಣ್ಣ. ತುಟಿ ಅದಕ್ಕಿಂತ ಕಪ್ಪು. ನಾನು ಏನೆಂದು ಕೂಗಿದೆನೋ ನೆನಪಿಲ್ಲ. ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಹೊಲಿಗೆಯವಳು ಬೇಲಿ ದಾಟಿ ಓಡಿ ಬಂದಳು. ಅವಳ ಗಂಡ ಊಟಕ್ಕೆ ಬಂದಿದ್ದರಿಂದ ವ್ಯಾನು ಮನೆಯ ಮುಂದೆಯೇ ಇತ್ತು.

"ಸ್ವಲ್ಪ ಹೊತ್ತು ನೋಡೋಣ, ಮಗ ಬರಲಿ" ಎಂದೆ ನಾನು. ಹೌದು, ಹಾಗೆ ಅಂದೆ.

"ಕೊಡಿ ಇಲ್ಲಿ ದೊಡ್ಡಮ್ಮ" ಎಂದು ಮಗುವನ್ನು ನನ್ನ ಕೈಯಿಂದ ಕಿತ್ತುಕೊಂಡಳು. "ಕಾಯಬೇಡಿ. ನಾನು ಸಂಜೆವರೆಗೂ ಕಾದೆ."

ಬ್ರೆಡ್ಡಿನ ಟ್ರೇಗಳ ನಡುವೆ ಕೂತು ಹೋದೆವು. ಸೊಸೆಯ ತಲೆಯಿಂದ ನೀರು ಸುರಿಯುತ್ತಲೇ ಇತ್ತು. ದಾರಿಯುದ್ದಕ್ಕೂ ಹೊಲಿಗೆಯವಳು ಮಗುವಿನ ಅಂಗಾಲು ಉಜ್ಜುತ್ತಾ, "ಉಸಿರಿದೆ, ಉಸಿರಿದೆ" ಎಂದು ನಮಗೆ ಹೇಳುತ್ತಲೇ ಬಂದಳು.

ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು. ಬಣ್ಣ ತಿರುಗಲಿಲ್ಲ. ಡಾಕ್ಟರಮ್ಮ ರಕ್ತ ತೆಗೆದು ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟರು. ಕೆಂಪಗಿರಲಿಲ್ಲ. ಚಾಕೊಲೇಟ್ ಬಣ್ಣ. ಅವರು ನನ್ನನ್ನೂ ಸೊಸೆಯನ್ನೂ ಒಳಗೆ ಕರೆದರು.

"ಹಾಲನ್ನ ಯಾವ ನೀರಲ್ಲಿ ಕಲಸ್ತೀರಿ?"

"ಬಾವಿ ನೀರು. ನಾನೇ ಕಾಯಿಸೋದು. ಅರ್ಧಕ್ಕಿಳಿಯೋವರೆಗೂ ಕುದಿಸ್ತೀನಿ" ಎಂದೆ. ಹೊಗಳಿಸಿಕೊಳ್ಳುವವಳ ಹಾಗೆಯೇ ಹೇಳಿದೆ.

"ಬಾವಿ ಸುತ್ತ ಹೊಲ ಇದೆಯಾ?"

"ನಮ್ಮದೇ."

"ಗೊಬ್ಬರ?"

ನಾನು ಹೇಳಿದೆ. ಅವರು ಬರೆಯುತ್ತಿದ್ದ ಪೆನ್ನನ್ನು ಮೇಜಿನ ಮೇಲೆ ಇಟ್ಟರು.

ಆಮೇಲೆ ಮಗುವಿನ ನರಕ್ಕೆ ನೀಲಿ ಬಣ್ಣದ ಔಷಧಿ ಏರಿಸಿದರು. ನೀಲಿಗಟ್ಟಿದ ಕೂಸಿಗೆ ಇನ್ನಷ್ಟು ನೀಲಿ ತುಂಬುತ್ತಾರಲ್ಲ ಎಂದುಕೊಂಡೆ. ಒಂದು ಗಂಟೆಯೂ ಆಗಿರಲಿಲ್ಲ, ಗುಬ್ಬಿಯ ತುಟಿಗೆ ಕೆಂಪು ಬಂತು, ಆಮೇಲೆ ಕಿವಿಗೆ. ಸಿಟ್ಟಿನಿಂದ ಕಿರುಚಿ ಅತ್ತಳು. ಸೊಸೆಯೂ ಅತ್ತಳು.

ಹೊರಗೆ ಹೊಲಿಗೆಯವಳು ಕಾದಿದ್ದಳು. "ಏನಂದ್ರು ದೊಡ್ಡಮ್ಮ?"

"ರಕ್ತದ್ದೇನೋ ತೊಂದರೆ. ಸರಿಹೋಯ್ತು" ಎಂದೆ.

"ಸದ್ಯ" ಎಂದಳು. ಗಂಡನ ಜೊತೆ ಹೊರಟುಹೋದಳು.

ಡಾಕ್ಟರಮ್ಮ ಹೇಳಿದ್ದು ಇಷ್ಟು: ಗೊಬ್ಬರದ ಉಪ್ಪು ಬಾವಿಗೆ ಇಳಿದಿದೆ. ದೊಡ್ಡವರಿಗೆ ಗೊತ್ತಾಗುವುದಿಲ್ಲ. ಬಾಟಲಿ ಹಾಲು ಕುಡಿಯುವ ಎಳೆಯ ಕೂಸಿನ ರಕ್ತವನ್ನು ಅದು ಕೆಡಿಸುತ್ತದೆ. ಕುದಿಸಿದರೆ ರೋಗಾಣು ಸಾಯುತ್ತವೆ, ಉಪ್ಪು ಸಾಯುವುದಿಲ್ಲ. ನೀರು ಆವಿಯಾಗಿ ಉಪ್ಪು ಗಟ್ಟಿಯಾಗುತ್ತದೆ.

ಅರ್ಧಕ್ಕಿಳಿಸಿದರೆ ಎರಡರಷ್ಟು. ಈ ಲೆಕ್ಕಕ್ಕೆ ಓದು ಬೇಕಿಲ್ಲ.

ಏಪ್ರಿಲ್ 2, ಬುಧವಾರ

ಗುಬ್ಬಿಯನ್ನು ಆಸ್ಪತ್ರೆಯಿಂದ ಬಿಟ್ಟರು. ಸೊಸೆ ಅವಳನ್ನು ಎತ್ತಿಕೊಂಡು ನೇರ ತನ್ನ ತಾಯಿಯ ಮನೆಗೆ ಹೋದಳು. ಹೋಗುವಾಗ ನನ್ನ ಕಾಲು ಮುಟ್ಟಲು ಬಗ್ಗಿದಳು, ಅರ್ಧಕ್ಕೆ ನಿಂತು ಎದ್ದಳು. "ನೀವು ಬೇಕಂತ ಮಾಡಿದ್ದಲ್ಲ ಅತ್ತೆ, ನಂಗೊತ್ತು" ಎಂದಳು. ಮಗ ಬ್ಯಾಗು ಹಿಡಿದು ನಿಂತಿದ್ದ.

ಮಧ್ಯಾಹ್ನ ಮಣ್ಣು ಪರೀಕ್ಷೆಯ ಆಫೀಸಿನಿಂದ ಒಬ್ಬ ಹುಡುಗಿ ಬಂದಳು. ಆಸ್ಪತ್ರೆಯವರು ಬರೆದಿದ್ದರಂತೆ. ಕಡ್ಡಿಯಂಥ ಹುಡುಗಿ. ಅವಳಿಗಿಂತ ಉದ್ದದ ಕಬ್ಬಿಣದ ಸಲಾಕೆ, ತುದಿಗೆ ತಿರುಪು. ಕೆಳಗಿನ ತಾಕಿನಲ್ಲಿ ಊರಿ ತಿರುಗಿಸಿದಳು. ಬೆಣ್ಣೆಗೆ ಚಾಕು ಹಾಕಿದ ಹಾಗೆ ಇಳಿಯಿತು. ಒಂದಾಳುದ್ದ ಇಳಿದರೂ ಮರಳು. ಇನ್ನೊಂದು ತುಂಡು ಜೋಡಿಸಿ ಇಳಿಸಿದಳು, ಅದೇ ಮರಳು, ಈಗ ಒದ್ದೆ.

"ಇಷ್ಟೇ ಅಮ್ಮ ನಿಮ್ಮ ಬಾವಿಗೂ ಹೊಲಕ್ಕೂ ಇರೋ ದೂರ" ಎಂದಳು. "ಜೇಡಿ ಮಣ್ಣಾಗಿದ್ರೆ ಒಂದಿಷ್ಟು ಹಿಡಿದಿಟ್ಟುಕೊಳ್ಳುತ್ತೆ. ಇದು ಜರಡಿ. ನೀವು ಮೇಲೆ ಹಾಕಿದ್ದು ಬೇರು ದಾಟಿ ವಾರದೊಳಗೆ ನೀರಿಗೆ ಸೇರುತ್ತೆ."

ಬಾವಿಯ ನೀರಿಗೆ ಒಂದು ಕಾಗದದ ಪಟ್ಟಿ ಅದ್ದಿದಳು. ಕಡು ಗುಲಾಬಿ ಬಣ್ಣ ಬಂತು. ಪಟ್ಟಿಗಳ ಡಬ್ಬಿಯ ಮೇಲಿದ್ದ ಬಣ್ಣಗಳಲ್ಲಿ ಅದೇ ಕೊನೆಯದು. "ಎಷ್ಟು ವರ್ಷದಿಂದ ಹೀಗಿದೆ?" ಎಂದು ಕೇಳಿದೆ.

"ಅದನ್ನ ಹೇಗೆ ಹೇಳೋದು? ನೀವು ಯಾವಾಗಿಂದ ಇಷ್ಟು ಹಾಕ್ತಿದ್ದೀರಿ, ಅದು ಗೊತ್ತಾದ್ರೆ ಹೇಳಬಹುದು."

ಗೊತ್ತಾಗದೆ ಏನು, ಈ ಪುಸ್ತಕದಲ್ಲಿದೆಯಲ್ಲ. ಅವಳು ಹೋದ ಮೇಲೆ ಕೂತು ಹಿಂದಿನ ಪುಟಗಳನ್ನು ತಿರುವಿದೆ. ನನ್ನವರು ಒಂದು ಬೆಳೆಗೆ ಒಂದು ಚೀಲ ಹಾಕುತ್ತಿದ್ದರು. ಎರಡು ಮಾಡಿದವಳು ನಾನು, ಮೂರು ಮಾಡಿದವಳೂ ನಾನು. ಹೋದ ವರ್ಷ ಇದೇ ತಿಂಗಳು, ಕೆಳಗಿನ ತಾಕಿಗೆ ನಾಲ್ಕು ಸಲ. ನಾಲ್ಕನೆಯದಕ್ಕೂ ಹೊಲಿಗೆಯವಳ ಮಗು ತೀರಿಕೊಂಡದ್ದಕ್ಕೂ ನಡುವೆ ಹನ್ನೊಂದು ದಿನ. ಎರಡೂ ನನ್ನ ಅಕ್ಷರದಲ್ಲೇ ಇವೆ.

ಏಪ್ರಿಲ್ 3, ಗುರುವಾರ

ಕೆಳಗಿನ ಮನೆಯ ನಲ್ಲಿಗೆ ಹೋಗುವ ವಾಲ್ವ್ ಬಂದ್ ಮಾಡಿದೆ.

ಏಪ್ರಿಲ್ 4, ಶುಕ್ರವಾರ

ಹೊಲಿಗೆಯವಳು ಬೇಲಿಯ ಹತ್ತಿರ ಬಂದು ಕೇಳಿದಳು, ನಿನ್ನೆಯಿಂದ ನೀರಿಲ್ಲವಲ್ಲ ದೊಡ್ಡಮ್ಮ ಎಂದು. ಪಂಪು ಕೆಟ್ಟಿದೆ ಎಂದೆ.

ಏಪ್ರಿಲ್ 6, ಭಾನುವಾರ

ಬೆಳಗ್ಗೆ ಎದ್ದು ನೋಡಿದರೆ ಅವಳ ಗಂಡ ಸ್ಪಾನರ್ ಹಿಡಿದುಕೊಂಡು ಅಂಗಳದಲ್ಲಿ ನಿಂತಿದ್ದಾನೆ. "ಭಾನುವಾರ ರಜಾ, ಪಂಪು ನೋಡಿಕೊಡ್ತೀನಿ ಬನ್ನಿ" ಎಂದ. ಬೇಡ, ಮೆಕ್ಯಾನಿಕ್‌ಗೆ ಹೇಳಿದ್ದೇನೆ ಎಂದೆ. "ಸುಮ್ಮನೆ ಅವನಿಗ್ಯಾಕೆ ದೊಡ್ಡಮ್ಮ" ಎಂದು ಶೆಡ್ಡಿನ ಕಡೆಗೇ ನಡೆದ. ನಾನು ಬಾಗಿಲಿಗೆ ಅಡ್ಡ ನಿಂತೆ. ಅವನು ನನ್ನ ಮುಖ ನೋಡಿ, ಏನು ಅಂದುಕೊಂಡನೋ, ಹೋದ.

ಮಗ ಕ್ಯಾನಿನ ನೀರು ತಂದಿಟ್ಟಿದ್ದಾನೆ. ಒಂದು ಲೋಟ ಬಗ್ಗಿಸಿಕೊಂಡೆ, ಕುಡಿಯಲಾಗಲಿಲ್ಲ.

ಏಪ್ರಿಲ್ 8, ಮಂಗಳವಾರ

ಈರುಳ್ಳಿ ಪೂರ್ತಿ ಹಳದಿ.

ಅವಳು ಬಿಂದಿಗೆ ಹಿಡಿದು ದೊಡ್ಡ ರಸ್ತೆಯ ನಲ್ಲಿಗೆ ಹೋಗುತ್ತಿದ್ದಳು. ಮುಖ ತಗ್ಗಿಸಿ ಒಳಗೆ ಬಂದೆ.

ಏಪ್ರಿಲ್ 10, ಗುರುವಾರ

ಹೇಳಿದೆ.

ಹೊತ್ತು ಇಳಿಯುವ ಮುಂಚೆ ಹೋದೆ. ಮೆಶಿನ್ ಓಡುತ್ತಿತ್ತು. ಹೊಸ್ತಿಲಲ್ಲೇ ನಿಂತು, "ಪಂಪು ಕೆಟ್ಟಿಲ್ಲ" ಎಂದೆ. ಆಮೇಲೆ ಎಲ್ಲವನ್ನೂ ಹೇಳಿದೆ. ಗೊಬ್ಬರ, ಮರಳು, ಬಾವಿ, ನಾನು ಎಳೆಸಿಕೊಟ್ಟ ಪೈಪು. ಗುಬ್ಬಿಗೆ ಆಗಿದ್ದೇ ನಿನ್ನ ಮಗುವಿಗೂ ಆಗಿದ್ದು, ಇದರಲ್ಲಿ ನನಗೆ ಅನುಮಾನವಿಲ್ಲ ಎಂದೆ. ಹೇಳುವಾಗ ಅವಳ ಕಾಲನ್ನೇ ನೋಡುತ್ತಿದ್ದೆ. ಕಾಲು ನಿಂತಿತು. ಮೆಶಿನ್ ನಿಂತಿತು.

ಕಿರುಚುತ್ತಾಳೆ, ಕತ್ತರಿ ಎಸೆಯುತ್ತಾಳೆ, ಏನಾದರೂ ಮಾಡುತ್ತಾಳೆ ಎಂದುಕೊಂಡಿದ್ದೆ. ಅವಳು ತುಂಬ ಮೆಲ್ಲಗೆ ಕೇಳಿದಳು:

"ಒಂದು ದಿನ ನೀರು ಕುದಿಸಿರಲಿಲ್ಲ ದೊಡ್ಡಮ್ಮ. ಶಾಲೆ ಯೂನಿಫಾರಂ ನಲವತ್ತು ಜೊತೆ ಕೊಡಬೇಕಿತ್ತು. ಬಿಂದಿಗೆಯಿಂದ ಹಾಗೇ ಹಾಕಿ ಕಲಸಿಬಿಟ್ಟೆ. ಅದರಿಂದ ಅಲ್ವಾ?"

"ಅದರಿಂದ ಅಲ್ಲ."

"ಆ ಒಂದಿನದ್ದು ಅಲ್ವಾ?"

"ಅಲ್ಲ. ಕುದಿಸಿದ್ರೂ ಅದೇ ಆಗ್ತಿತ್ತು. ಇನ್ನೂ ಹೆಚ್ಚೇ ಆಗ್ತಿತ್ತು."

ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಳು. ಮತ್ತೆ ಹೇಳಿದೆ. ಅವಳು ಎದ್ದು ಒಳಗೆ ಹೋಗಿ ಮಲಗಿದ್ದ ಗಂಡನನ್ನು ಎಬ್ಬಿಸಿ ಕರೆತಂದಳು. "ಇವರ ಮುಂದೆ ಇನ್ನೊಂದ್ಸಲ ಹೇಳಿ" ಎಂದಳು. ಹೇಳಿದೆ. ಅವನು ಕೇಳುತ್ತಾ ಕೇಳುತ್ತಾ ಗೋಡೆಗೆ ಒರಗಿ ಕೆಳಗೆ ಕೂತ. "ನಾನು ಇವಳಿಗೆ ಏನೇನೋ..." ಎಂದು ಶುರುಮಾಡಿ ಮುಗಿಸಲಿಲ್ಲ. ಅವಳು ಅವನ ಕಡೆ ನೋಡಲೂ ಇಲ್ಲ.

"ಮಣ್ಣು ಮಾಡಿ ಬಂದ ದಿನ ನೀವು ನಮ್ಮ ಅಂಗಳದಲ್ಲಿ ನಿಂತು ಅಂದಿದ್ದು ನಂಗೆ ಕೇಳಿಸಿತ್ತು" ಎಂದಳು ನನಗೆ. "ಯಾರೋ ಅದನ್ನ ನಮ್ಮತ್ತೆಗೂ ಮುಟ್ಟಿಸಿದ್ರು. ಅವತ್ತಿಂದ ಅವರು ನನ್ನ ಕೈ ನೀರು ಕುಡಿದಿಲ್ಲ. ಭಾನುವಾರ ನನ್ನ ಜೊತೆ ಬನ್ನಿ. ಅವರಿಗೂ ನೀವೇ ಹೇಳಬೇಕು. ನಾನು ಹೇಳಿದ್ರೆ ನಂಬಲ್ಲ."

ಕ್ಷಮಿಸು ಎಂದು ಕೇಳಬೇಕೆಂದು ಬಾಯಿ ತೆರೆದೆ. "ಅದೆಲ್ಲ ಆಮೇಲೆ" ಎಂದಳು. "ಏಳರ ಬಸ್ಸು."

ಏಪ್ರಿಲ್ 13, ಭಾನುವಾರ

ಹೋಗಿ ಬಂದೆವು. ಒಂದೂವರೆ ಗಂಟೆಯ ದಾರಿ. ಒತ್ತೊತ್ತಾಗಿ ಮನೆಗಳಿರುವ ಸಣ್ಣ ಓಣಿ. ಹೊಲಿಗೆಯವರ ಅತ್ತೆ ಜಗಲಿಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಮುದುಕಿಗೆ ಕಿವಿ ಮಂದ ಎಂದು ನನಗೆ ಯಾರೂ ಹೇಳಿರಲಿಲ್ಲ.

ಮೊದಲ ಸಲ ಹೇಳಿದ್ದು ಅವರಿಗೆ ಕೇಳಿಸಲೇ ಇಲ್ಲ. "ಏನಂತೆ?" ಎಂದು ಸೊಸೆಯನ್ನು ಕೇಳಿದರು. ಹೊಲಿಗೆಯವರು ತಿರುಗಿ ನನ್ನ ಕಡೆ ನೋಡಿದರು. ಗಂಟಲು ಏರಿಸಿ ಹೇಳಿದೆ. "ನೀರಾ? ಯಾರ ನೀರು?" ಎಂದರು ಮುದುಕಿ. ಎದುರು ಮನೆಯ ಕಿಟಕಿ ತೆರೆಯಿತು. ಸೈಕಲ್ ಒರೆಸುತ್ತಿದ್ದವನೊಬ್ಬ ಕೈ ನಿಲ್ಲಿಸಿದ. ನಾನು ಜಗಲಿಯ ಮೆಟ್ಟಿಲ ಮೇಲೆ ನಿಂತು ಓಣಿಗೆಲ್ಲ ಕೇಳುವ ಹಾಗೆ ಕೂಗಿದೆ. "ನನ್ನ ಬಾವಿ ನೀರು! ನಿಮ್ಮ ಸೊಸೆ ತಪ್ಪು ಏನೂ ಇಲ್ಲ! ನಾನು ಹಾಕಿದ ಗೊಬ್ಬರ!"

"ಹಾಗಾದ್ರೆ ನಮ್ಮ ಮಗು ನಿನ್ನ ನೀರು ಕುಡಿದು ಹೋಯ್ತಾ?"

"ಹೌದು!" ಎಂದು ಕೂಗಿದೆ.

ಮುದುಕಿ ಮೊರವನ್ನು ಪಕ್ಕಕ್ಕಿಟ್ಟರು. ಆಮೇಲೆ ಸೊಸೆಯ ಕಡೆ ತಿರುಗಿ, "ಕುಡಿಯೋಕೆ ಏನಾದ್ರೂ ಕೊಡು" ಎಂದರು. ಹೊಲಿಗೆಯವರು ಒಳಗೆ ಹೋಗಿ ನೀರು ತಂದರು. ಒಂದೇ ಲೋಟ. ಮುದುಕಿ ಅದನ್ನು ಪೂರ್ತಿ ಕುಡಿದರು. ನನಗೆ ಯಾರೂ ಕೂರು ಎನ್ನಲಿಲ್ಲ, ನಾನೂ ಕೂರಲಿಲ್ಲ.

ಬರುವಾಗ ಬಸ್ಸಿನಲ್ಲಿ ಹೊಲಿಗೆಯವರು ಮುಂದೆ ಕೂತರು, ನಾನು ಹಿಂದೆ. ಇಳಿದು ನಮ್ಮ ಮನೆಯ ದಾರಿಗೆ ತಿರುಗುವಾಗ ನಿಂತು, "ಇಳಿಜಾರಿನ ಕೆಳಗೆ ಇನ್ನೂ ಮೂರು ಮನೆಗೆ ಬಾವಿ ಇದೆ. ಕೊನೇ ಮನೇಲಿ ಮುಂದಿನ ತಿಂಗಳು ಹೆರಿಗೆ" ಎಂದರು.

ಕೂಗಿ ಕೂಗಿ ಗಂಟಲು ಕಟ್ಟಿಹೋಗಿದೆ. ಬೆಳಗ್ಗೆ ಎದ್ದ ಕೂಡಲೇ ಕೊನೆಯ ಮನೆಯಿಂದ ಶುರು ಮಾಡಬೇಕು. ಆ ಮನೆಯವರಿಗೆ ಕಿವಿ ಚೆನ್ನಾಗಿ ಕೇಳಿಸುತ್ತದೆ.